ದೀಪದ ಹೊತ್ತಿಗೆ ಬರೋ ಮಾತು

ಬಾರವ್ವ, ಆ ಊಟದೆಲೆ ಕಟ್ಟು ಅತ್ತ ತಳ್ಳಿ ಕೂತ್ಕೊ. ಬೀದಿಗೆ ಹೊಸಬಳು ನೀನು, ಮೊದ್ಲು ನನ್ನ ಪರಿಚಯ ಆಗ್ಬೇಕು ನಿಂಗೆ. ಈ ಊರಲ್ಲಿ ಬೈದ ತಕ್ಷಣ ಕೇಳ್ಸೋ ಬೈಗುಳ ಅಂತ ಇದ್ರೆ ಅದೊಂದೇ, ಈ ದೇವೀರಜ್ಜಿದು. ಒಂದ್ಸಲ ನಾನು ಬೈದ ರಭಸಕ್ಕೆ ಸುಣ್ಣದ ಗಾಡಿ ಎಳೀತಿದ್ದ ಎತ್ತು ನಡುರಸ್ತೇಲಿ ಮಂಡಿಯೂರಿ ಗೊಳೋ ಅಂತ ಅತ್ತುಬಿಡ್ತು. ಸುಣ್ಣ ಸುಡೋ ಗೂಡಿನ ಬೆಂಕಿ ಹೆದರಿ ಆರೋಯ್ತು. ಯಾಕೆ ನಗ್ತೀಯ? ಸರಿ, ಅರ್ಧ ಸುಳ್ಳು ಅಂತ್ಲೇ ಇಟ್ಕೊ. ಎತ್ತಿಗೆ ಕಾಲು ಕುಂಟು, ನಾನು ಬಾಯಿ ತೆಗೆಯೋಕೆ ಮೊದ್ಲೇ ಕೂತಿತ್ತು. ನನ್ನ ಬೈಗುಳವೂ ಎಲ್ಲಾ ತಕ್ಷಣ ಕೇಳ್ಸುತ್ತೆ ಅಂತಲ್ಲ, ಮುಕ್ಕಾಲು ಪಾಲು ಕೇಳ್ಸುತ್ತೆ. ಯಾಕಂದ್ರೆ ಅದ್ರೊಳಗೆ ಕಹಿ ಇರಲ್ಲ.

ನಿಂಗಿನ್ನೂ ಯಾರೂ ಬೈದಿಲ್ಲ ಅಂತ ಕಾಣುತ್ತೆ, ಅದಕ್ಕೇ ಹಂಗೆ ಕಣ್ಣು ಬಿಡ್ತಿದ್ದೀಯ. ನಮ್ಮೂರಲ್ಲಿ ಕಹಿ ಮಾತಿಗೆ ಕಾಲು ನಿಧಾನ ಕಣವ್ವ. ಊಟಕ್ಕೆ ಬಾ, ನೀರು ಕೊಡು, ಚೆನ್ನಾಗಿದ್ದೀಯಾ, ಇವೆಲ್ಲ ಅಂದಾಗ್ಲೇ ಕೇಳ್ಸುತ್ತೆ. ಹೊಟ್ಟೇಲಿ ವಿಷ ಇಟ್ಕೊಂಡು ಆಡಿದ ಮಾತು ಮಾತ್ರ ಆಗ ಕೇಳ್ಸಲ್ಲ. ಬಾಯಿ ಆಡೋದು ಕಾಣುತ್ತೆ, ಸದ್ದಿಲ್ಲ. ಎಲ್ಲೋ ಹೋಗಿ ಕೂತಿದ್ದು, ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಬಂದು ಕಿವಿಗೆ ಬೀಳುತ್ತೆ. ಅದಕ್ಕೆ ನಮ್ಮೋರು ಒಂದು ದಾರಿ ಕಂಡ್ಕೊಂಡವ್ರೆ. ಬೆಳಗ್ಗೆ ಬೈದೋರು ಸಂಜೆಯೊಳಗೆ ಹೋಗಿ, ಬೈಸ್ಕೊಂಡೋರ ಕಿವಿ ಹತ್ರ ಸೆರಗೋ ಟವಲ್ಲೋ ಒಂದ್ಸಲ ಪಟ್ ಅಂತ ಕೊಡವಿದ್ರೆ ಮುಗೀತು, ಆ ಮಾತು ಬರೋದೇ ಇಲ್ಲ. ಇಳಿಹೊತ್ತಲ್ಲಿ ಬೀದಿ ಕಡೆ ಕಣ್ಣಿಟ್ಟು ನೋಡು. ಸೊಸೆದೀರು ಅತ್ತೆದೀರ ಹಿಂದೆ, ಗಂಡಂದಿರು ಹೆಂಡ್ರ ಹಿಂದೆ, ಅಣ್ಣ ತಮ್ಮ ಒಬ್ರ ಹಿಂದೊಬ್ರು ಟವಲ್ ಹಿಡ್ಕೊಂಡು ಓಡೋದೇ ಓಡೋದು. ಕೊಡವೋಕೆ ಆಗುತ್ತೆ ಅನ್ನೋ ಧೈರ್ಯ ಒಂದು ಇದ್ರೆ ಮನುಷ್ಯ ಏನು ಬೇಕಾದ್ರೂ ಅಂದ್ಬಿಡ್ತಾನೆ. ನಮಗಿನ್ನು ಉಳಿಯೋದು ಊಹೆ ಮಾಡೋ ಆಟ. ತುಟಿ ಹಿಂಗೆ ಹೋಯ್ತು, ಹಂಗೆ ಹೋಯ್ತು, ಏನಂದಿರ್ಬೋದು ಅಂತ ಮಧ್ಯಾಹ್ನ ಪೂರ್ತಿ ಜಗುಲಿ ಮೇಲೆ ಅದೇ ಮಾತು.

ನನ್ನ ಯಜಮಾನನೂ ಹಂಗೇ. ಬೆಳಗ್ಗೆ ತಟ್ಟೆ ಮುಂದೆ ಕೂತು ನನ್ನ ಕಡೆ ತುಟಿ ಆಡ್ಸಿ, ಕೈ ತೊಳ್ಕೊಂಡು ಗೂಡಿಗೆ ಹೋದ. ಮಧ್ಯಾಹ್ನಕ್ಕೆ ಎದೆ ಹಿಡ್ಕೊಂಡು ಅಲ್ಲೇ ಹೋಗ್ಬಿಟ್ಟ. ತಂದು ಹಜಾರದಲ್ಲಿ ಮಲಗ್ಸಿದ್ರು, ಜನ ಸೇರಿದ್ರು, ನಾನು ಸರಿಯಾಗೇ ಅಳ್ತಿದ್ದೆ. ತಲೆದೆಸೇಲಿ ದೀಪ ಹಚ್ಚಿದ್ರು ನೋಡು, ಬಂತು ಮಾತು, ಅವನದೇ ಗಂಟಲು, "ಸಾರಿಗೆ ಉಪ್ಪು ಸುರ್ದಿದ್ದೀಯಲ್ಲೇ ದರಿದ್ರದೋಳೆ, ನಿನ್ನ ಕೈಲಿ ತಿಂದೇ ನಾನು ಸಾಯೋದು!" ಅಷ್ಟು ಜನರ ಮುಂದೆ. ಕೊಡವೋನು ಇಲ್ಲ, ಮಾತು ಮಾತ್ರ ಬಂತು. ಆಡಿದೋನು ಇರ್ಲಿ, ಸಾಯ್ಲಿ, ದೇಶಾಂತರ ಹೋಗ್ಲಿ, ಕೊಡವದ ಮಾತು ದೀಪದ ಹೊತ್ತಿಗೆ ಬಂದೇ ಬರುತ್ತೆ. ಇದೊಂದು ನೆನಪಿಟ್ಕೊ.

ಈಗ ಈ ಪಕ್ಕದ ಮನೆ ವಿಷ್ಯಕ್ಕೆ ಬರ್ತೀನಿ. ಬಾಗಿಲು ಹಾಕಿದೆ ನೋಡು, ಅದು ಗುರುಮಲ್ಲನ ಮನೆ. ಸುಣ್ಣದ ಗೂಡಿಗೆ ಕಲ್ಲು ತುಂಬೋನು. ಅವನವ್ವ ಪುಟ್ಮಾದಮ್ಮ, ನನ್ನ ವಾರಗೆಯೋಳೇ, ಆದ್ರೆ ನನ್ನಷ್ಟು ಚೆಂದ ಇಲ್ಲ. ಹೆಂಡ್ತಿ ಚಿಕ್ತಾಯಿ. ಕಡ್ಡಿಯಂಥ ಹುಡುಗಿ, ಮಾತಾಡಿದ್ರೆ ಎಲ್ಲಿ ಸವೀತದೋ ಅನ್ನೋಳು. ಅವರಿಗೊಂದು ಹೆಣ್ಣು ಮಗು, ಮಾದೇವಿ. ಹುಟ್ಟುತ್ಲೇ ಕಿವುಡು. ತೊಟ್ಟಿಲ ಪಕ್ಕದಲ್ಲಿ ತಟ್ಟೆ ಬಿದ್ರೂ ಕಣ್ಣು ಮಿಟುಕಿಸ್ತಿರ್ಲಿಲ್ಲ.

ಆ ಮಗು ಮುಂದೆ ಆ ಮನೆಯೋರು ಏನೇನಂದ್ರೋ ಯಾರಿಗೆ ಗೊತ್ತಿತ್ತು! ನಾವು ನೋಡಿದ್ದು ಬರೀ ತುಟಿ. ಪುಟ್ಮಾದಮ್ಮ ತೊಟ್ಟಿಲಿಗೆ ಬಗ್ಗಿ ತುಟಿ ಆಡ್ಸೋಳು. ಗುರುಮಲ್ಲ ಗೂಡಿಂದ ಬಂದು ಕಾಲು ತೊಳ್ಕೊಳ್ತಾ ತುಟಿ ಆಡ್ಸೋನು. ಸಂಜೆ ಆದ್ರೆ ಟವಲ್ ತಗೊಂಡು ಹೆಂಡ್ತಿ ಕಿವಿ ಕೊಡವೋನು, ಪುಟ್ಮಾದಮ್ಮ ಸೊಸೆ ಕಿವಿ ಕೊಡವೋಳು. ಮಗು ಕಿವಿ ಯಾರೂ ಕೊಡವ್ತಿರ್ಲಿಲ್ಲ. "ಕಿವುಡು ಕಿವಿಗೆ ಸೆರಗು ಬೀಸಿ ನನ್ನ ಕೈ ನೋಯಿಸ್ಕೊಳ್ಳಾ?" ಅಂತ ಪುಟ್ಮಾದಮ್ಮ ನನ್ನ ಮುಂದೇನೇ ಅಂದವ್ಳೆ. ಅವಳೊಬ್ಳೇ ಅಲ್ಲ, ಇಡೀ ಬೀದೀನೇ ಹಂಗೆ. ಗಂಡನ ಮೇಲಿನ ಸಿಟ್ಟು, ಸಾಲು ತಪ್ಪಿಸಿದೋಳ ಮೇಲಿನ ಸಿಟ್ಟು, ಎಲ್ಲಾನೂ ನಲ್ಲಿ ಹತ್ರ ಆಡ್ತಿದ್ದ ಆ ಮಗು ಮುಂದೆ ಉಗುಳಿ ಬರೋರು. ಕೇಳದ ಕಿವಿಗೆ ಅಂದ ಮಾತು ದೀಪದ ಹೊತ್ತಿಗೂ ಬರಲ್ಲ, ಕೊಡವೋ ಶ್ರಮ ಇಲ್ಲವಲ್ಲ.

ಆಮೇಲೆ ಪಟ್ಟಣದ ಆಸ್ಪತ್ರೆಯೋರು ಆಪ್ರೇಷನ್ ಮಾಡಿದ್ರು. ಚಿಕ್ತಾಯಿ ಹಟ ಹಿಡಿದು ಮಾಡ್ಸಿದ್ದು ಅದು. ಕಿವಿ ಹಿಂದೆ ಕುಯ್ದು, ಒಳಗೆ ಬಸವನಹುಳದ ಚಿಪ್ಪಿನಂಗೆ ಒಂದು ಸುರುಳಿ ಇರ್ತದಂತೆ, ಅದ್ರೊಳಕ್ಕೆ ಕೂದಲೆಳೆಯಂಥ ತಂತಿ ಇಳಿಬಿಟ್ರಂತೆ. ಹೊರಗಡೆ ಕಿವಿ ಮೇಲೊಂದು ಮಿಷನ್ನು, ಅದಕ್ಕೊಂದು ಬಿಲ್ಲೆ. ಆ ಬಿಲ್ಲೆ ಸೂಜಿಗಲ್ಲಿನಂಗೆ ಟಕ್ ಅಂತ ತಲೆಗೆ ಅಂಟ್ಕೊಳ್ಳೋದು. ಮೊದಲ ಸಲ ಚಾಲೂ ಮಾಡಿದಾಗ ಮಗು ಕಿಟಾರನೆ ಕಿರುಚಿ ಅವ್ವನ ಸೀರೆಯೊಳಗೆ ನುಗ್ತಂತೆ. ಗುರುಮಲ್ಲ ಅವತ್ತೇ ಅಪ್ಪಾ ಅಂತಾಳೆ ಅಂತ ಹೊಸ ಅಂಗಿ ಹಾಕ್ಕೊಂಡು ಹೋಗಿದ್ದ. ಮುಖ ಊದಿಸ್ಕೊಂಡು ಬಂದ.

ಮಾತು ಕಲ್ಸೋಕೆ ಅಂತ ಪಟ್ಟಣದಿಂದ ಒಬ್ಬ ಟೀಚರಮ್ಮ ಬರ್ತಿತ್ತು. ನನ್ನ ಜಗುಲಿ ಮೇಲೇನೇ ಪಾಠ, ಅವರ ಮನೆ ಹಿಂದೇನೇ ಗೂಡು, ಬೆಂಕಿಗೆ ಗಾಳಿ ಊದೋ ತಿದಿ ಸದ್ದು ಜಾಸ್ತಿ ಅಂತ. ಸದ್ದಿನ ನಡುವೆ ಮಾದೇವಿಗೆ ಏನೂ ಹತ್ತುತ್ತಿರ್ಲಿಲ್ಲ. ಒಂದು ಕೈಲಿ ಹುಣಸೆ ಬೀಜ, ಮುಂದೆ ಒಂದು ಲೋಟ. ಟೀಚರಮ್ಮ ಹಿಂದೆ ಕೂತ್ಕೊಂಡು, ಬಾಯಿಗೆ ಕೈ ಅಡ್ಡ ಇಟ್ಕೊಂಡು 'ಆ' ಅಂತಿತ್ತು. ಕೇಳ್ಸಿದ್ರೆ ಮಗು ಒಂದು ಬೀಜ ಲೋಟಕ್ಕೆ ಹಾಕ್ಬೇಕು. ಆಮೇಲೆ 'ಈ', 'ಊ', 'ಮ್', 'ಶ್', 'ಸ್'. "ಬಾಯಿ ಮುಚ್ಕೊಂಡು ಮಾತಾಡೋರನ್ನ ನಮ್ಮೂರಲ್ಲಿ ಕಳ್ಳರು ಅಂತೀವಿ ಕಣಮ್ಮ," ಅಂದೆ ನಾನು. ನಗ್ತು. "ತುಟಿ ನೋಡಿ ಹೇಳೋದು ಅಭ್ಯಾಸ ಆಗ್ಬಾರ್ದು ಅಜ್ಜಿ. ಕಿವಿಯಿಂದ್ಲೇ ಕಲೀಬೇಕು. ಅವಳಿಗೆ ನಮ್ಮ ತರ ಕೇಳ್ಸಲ್ಲ. ತಗಡಿನ ಡಬ್ಬದೊಳಗಿಂದ ಚೂರು ಚೂರಾಗಿ ಬಂದಂಗೆ ಇರುತ್ತೆ. ಆ ಚೂರನ್ನೆಲ್ಲ ಮಾತು ಅಂತ ಜೋಡಿಸ್ಕೊಳ್ಳೋದನ್ನ ಅವಳ ತಲೆ ಕಲೀಬೇಕು. ಆ, ಊ, ಮ್ ಬೇಗ ಸಿಗುತ್ತೆ. ಪ ಯಾವ್ದು ಬ ಯಾವ್ದು ಅಂತ ತಿಳಿಯೋಕೆ ತಡ ಆಗುತ್ತೆ. ಸ, ಶ ಅಂತೂ ಗಾಳೀಲೇ ಹೋಗ್ಬಿಡುತ್ತೆ," ಅಂತು. "ಹಲ್ಲು ಬಿದ್ದ ಮೇಲೆ ನಂದೂ ಗಾಳೀಲೇ ಹೋಗೋದು, ನಂಗೂ ಒಂದು ಮಿಷನ್ ಹಾಕ್ಸು," ಅಂದೆ.

ಇನ್ನೊಂದು ಮಾತು ಅಂತು ಆ ಟೀಚರಮ್ಮ. ಮಾದೇವಿ ಬೆಳಗ್ಗೆ ಬಂದ್ಲು ಅಂದ್ರೆ ನಾನು ಸೆರಗಿಂದ ಹುರಿಗಡಲೆ ತೆಗೀತಾ, "ಬಂದ್ಯಾ ಹಾಳಾದೋಳೆ, ನಿನ್ನ ಹುಲಿ ಹೊತ್ಕೊಂಡೋಗ" ಅಂತಿದ್ದೆ. ಅದು ನನ್ನ ಮುದ್ದು. ನನ್ನ ಮಕ್ಕಳಿಗೂ ಹಂಗೇ ಅಂದಿದ್ದು, ಯಾವ ಹುಲಿಯೂ ಬರ್ಲಿಲ್ಲ. ಅಂದಾಗ್ಲೇ ಬೀದಿಗೆಲ್ಲ ಕೇಳ್ಸೋದು, ಎಲ್ರೂ ನಗೋರು. ಟೀಚರಮ್ಮ ಮಾತ್ರ ನಗ್ಲಿಲ್ಲ. "ಅಜ್ಜಿ, ಆ ಮಿಷನ್ನಲ್ಲಿ ಮಾತು ಹೋಗುತ್ತೆ, ರಾಗ ಸರಿಯಾಗಿ ಹೋಗಲ್ಲ. ನೀವು ಮುದ್ದಿಗೆ ಅಂದ್ರೋ ಸಿಟ್ಟಿಗೆ ಅಂದ್ರೋ ದನಿಯಿಂದ ಅವಳಿಗೆ ತಿಳಿಯೋದು ಕಷ್ಟ," ಅಂತು. "ಹುರಿಗಡಲೆಯಿಂದ ತಿಳಿಯುತ್ತೆ ಬಿಡಮ್ಮ," ಅಂದೆ.

ಚಿಕ್ತಾಯಿಗೆ ಹೇಳ್ಕೊಟ್ಟಿದ್ದು ಇಷ್ಟು. ಮಗು ಹತ್ರ ಹೋಗಿ, ಬೇರೆ ಸದ್ದು ಇಲ್ಲದಾಗ, ಬಿಡಿಬಿಡಿಯಾಗಿ, ದಿನಾ ಅದದೇ ಮಾತು ಹೇಳಿ, ಅಂತ. ಪಾಪ, ಅವಳು ಒಲೆ ಮುಂದೆ, ಬಚ್ಚಲಲ್ಲಿ, ಬಟ್ಟೆ ಕಲ್ಲಿನ ಹತ್ರ ಬಾಯಿಗೆ ಕೈ ಅಡ್ಡ ಇಟ್ಕೊಂಡು "ನೀರು, ನೀರು, ಮಾದೇವಿ, ನೀರು" ಅಂತ ಗಂಟಲು ಹರ್ಕೊಳ್ಳೋಳು. ಹಿಂದೆ ತಿದಿ ಬುಸ್ ಅನ್ನೋದು. ಮಗು ಮಿಕಮಿಕ ನೋಡೋದು. ಕೆಲವು ಸಲ, ಕೂದಲು ಬಾಚೋವಾಗ, ಚಿಕ್ತಾಯಿ ಕೈ ತೆಗೆದು ಬರೀ ತುಟಿ ಆಡ್ಸೋದನ್ನ ನಾನೂ ಗೋಡೆ ಮೇಲಿಂದ ನೋಡಿದ್ದೀನಿ. ಸದ್ದಿಲ್ಲ. ತುಟಿ ಆಡ್ಸಿ ಆಮೇಲೆ ಮಗು ತಲೆಗೆ ಮುಖ ಒತ್ಕೊಂಡು ಕೂತಿರೋಳು. ನಾನು ಊಹೆ ಮಾಡೋಕೆ ಹೋಗ್ಲಿಲ್ಲ. ಕೆಲವು ಊಹೆ ಮಾಡ್ಬಾರ್ದು.

ಈಗ ಒಂದು ವಿಚಿತ್ರ ಕೇಳು. ಟೀಚರಮ್ಮ ಹಿಂದಿಂದ 'ಶ್' ಅಂದ್ರೆ ಬೀಜ ಮಗು ಕೈಯಲ್ಲೇ ಇರೋದು. ಅದೇ ಹೊತ್ತಲ್ಲಿ ಪುಟ್ಮಾದಮ್ಮ ಹಿಂದೆ ತನ್ನ ಮನೆ ಬಾಗಿಲಲ್ಲಿ ನಿಂತು ತುಟಿ ಆಡ್ಸಿದ್ರೆ, ಟಣ್ ಅಂತ ಬೀಜ ಲೋಟಕ್ಕೆ ಬೀಳೋದು! ಮಗು ಬೆನ್ನು ಆ ಕಡೆಗೆ. ನಮಗ್ಯಾರಿಗೂ ಏನೂ ಕೇಳ್ಸಿಲ್ಲ. ಗುರುಮಲ್ಲ ಅಂಗಳದಲ್ಲಿ ತುಟಿ ಆಡ್ಸಿದ, ಟಣ್. ನಲ್ಲಿ ಹತ್ರ ಇಬ್ರು ಹೆಂಗಸ್ರು ಒಬ್ರ ಮೇಲೊಬ್ರು ತುಟಿ ಆಡ್ಸಿದ್ರು, ಟಣ್ ಟಣ್ ಟಣ್. ಟೀಚರಮ್ಮ ತಲೆ ಕೆರ್ಕೊಂತು. "ಯಾರೂ ಮಾತಾಡದೆ ಇದ್ರೂ ಬೀಜ ಹಾಕ್ತಾಳಲ್ಲ. ಮಿಷನ್ ಒಳಗೇ ಏನೋ ಸದ್ದು ಆಗ್ತಿರ್ಬೇಕು," ಅಂತು. ಪುಟ್ಮಾದಮ್ಮ, "ದೆವ್ವದ ಮಾತು ಕೇಳ್ಸುತ್ತೆ ಅದಕ್ಕೆ," ಅಂದ್ಲು. ಚಿಕ್ತಾಯಿ ಮಗೂನ ಎತ್ಕೊಂಡು ಪಟ್ಟಣಕ್ಕೆ ಹೋದ್ಲು. ಅಲ್ಲಿ ಎಲ್ಲಾ ಸರಿಯಾಗಿತ್ತಂತೆ. ಮನೆಯೋರ ಬಲವಂತಕ್ಕೆ ಒಂಚೂರು ಸದ್ದು ತಗ್ಗಿಸಿ ಕಳಿಸಿದ್ರು. ನೋಡವ್ವ ನಮ್ಮ ಬುದ್ಧಿ! ನಮಗೆ ಕೇಳ್ಸದ ಬೈಗುಳ ಮಿಷನ್ ಹಾಕಿದ ಮಗೂಗೆ ಅಂದಾಗ್ಲೇ ಕೇಳ್ಸುತ್ತೆ ಅಂತ ಒಬ್ರಿಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ. ಬೈಗುಳ ಅನ್ನೋದು ದೀಪದ ಹೊತ್ತಿಗೇ ಬರೋದು ಅಂತ ಹುಟ್ಟಿದಾಗಿಂದ ನಂಬ್ಕೊಂಡಿದ್ದೋರು ನಾವು.

ಗುರುಮಲ್ಲನಿಗೆ ತಾಳ್ಮೆ ಮುಗೀತು. ಅವನಿಗೆ ಒಳಗೊಳಗೇ ಇನ್ನೊಂದು ಮದುವೆ ಆಸೆ ಇತ್ತು, ಅದು ಬೀದಿ ನಾಯಿಗೂ ಗೊತ್ತು. "ಅಮಾವಾಸೆ ದಿವ್ಸ ಬಾಯಿ ಬಿಡ್ಸೋ ಶಾಸ್ತ್ರ ಇಟ್ಕೊಳ್ಳಣ. ಬೀದಿಯೋರ ಮುಂದೆ ಒಂದು ಮಾತಾಡಿದ್ರೆ ಸರಿ. ಇಲ್ಲ ಅಂದ್ರೆ ಆ ಮಿಷನ್ ಬಿಚ್ಚಿ ಆಸ್ಪತ್ರೆಯೋರ ಮುಖಕ್ಕೆ ಎಸೀತೀನಿ, ನೀನು ಮಗೂನ ಕಟ್ಕೊಂಡು ತವರಿಗೆ ನಡಿ," ಅಂತ ವ್ಯಾಪಾರ ಮಾತಾಡೋನಂಗೆ ಅಂದ. ಬಾಯಿ ಬಿಡ್ಸೋ ಶಾಸ್ತ್ರ ಅಂದ್ರೆ ನಮ್ಮಲ್ಲಿ ಮಗು ಮೊದಲ ಮಾತಾಡಿದಾಗ ಬೀದಿಯೋರ್ನ ಕರೆದು, ನಾಲಿಗೆಗೆ ಬೆಲ್ಲ ತೇದು, ಎಲ್ರೂ ಒಂದೊಂದು ಮಾತು ಕೇಳಿ ಹೋಗೋದು. ಟೀಚರಮ್ಮ ಬೇಡ ಅಂತ ಬೇಡ್ಕೊಂತು. "ಮಗೂನ ಸಂತೇಲಿ ನಿಲ್ಸಿದಂಗೆ ನಿಲ್ಸಬೇಡಿ. ಅವಳು ಕಲೀತಿದ್ದಾಳೆ, ನಂಗೆ ಗೊತ್ತಾಗುತ್ತೆ," ಅಂತು. "ನಿಮಗೆ ಗೊತ್ತಾದ್ರೆ ಸಾಕಾ? ಹೆತ್ತಪ್ಪ ನಂಗೆ ಕೇಳ್ಸಬೇಡ್ವಾ?" ಅಂದ ಗುರುಮಲ್ಲ. ಚಿಕ್ತಾಯಿ ನನ್ನ ಹತ್ರ ಬಂದು ಕೂತು, "ಅಜ್ಜಿ, ಒಂದೇ ಒಂದು ಮಾತು. ಅಪ್ಪ ಅಂತಾನೂ ಬೇಡ, ಅವ್ವ ಅಂತಾನೂ ಬೇಡ. ಏನಾರ ಒಂದು ಅಂದ್ರೆ ಸಾಕು. ಮಿಷನ್ ಕಿತ್ಕೊಂಡ್ರೆ ನನ್ನ ಮಗಳು ವಾಪಸ್ ಬಾವಿಗೆ ಬಿದ್ದಂಗೆ," ಅಂದ್ಲು. "ಏನಾರ ಒಂದು ಅಂದೇ ಅಂತಾಳೆ, ನನ್ನ ಜಗುಲಿ ಮಣ್ಣು ತಿಂದು ಬೆಳೆದೋಳು, ಭಾಷಣ ಮಾಡ್ತಾಳೆ ನೋಡ್ತಿರು," ಅಂದೆ ನಾನು.

ಅಮಾವಾಸೆ ನಿನ್ನೆ ಬಂತು. ಊಟ ಆದ್ಮೇಲೆ ಜನ ಸೇರಿದ್ರು. ನೀನಿನ್ನೂ ಸಾಮಾನು ಇಳಿಸ್ತಿದ್ದೆ ಅನ್ಸುತ್ತೆ. ಮಾದೇವಿನ ಮಣೆ ಮೇಲೆ ಕೂರ್ಸಿ ಕೆಂಪು ಲಂಗ ಹಾಕಿದ್ರು. ಗೂಡಿಗೆ ರಜೆ, ತಿದಿ ಸದ್ದಿಲ್ಲ. ಮೊದ್ಲು ಪುಟ್ಮಾದಮ್ಮ ಮುಂದೆ ಬಂದು ಬೆಲ್ಲ ತೇದು, "ನಾನ್ಯಾರು ಹೇಳು ಮಗ?" ಅಂದ್ಲು. ಮಗು ಅವಳ ಮುಖವನ್ನೇ ನೋಡ್ತು. ಬೆಲ್ಲ ನುಂಗ್ತು. ತುಟಿ ಆಡ್ಸ್ತು. ಸದ್ದಿಲ್ಲ.

"ಮೀನು ನೀರು ಕುಡಿದಂಗೆ ಮಾಡ್ತಾಳೆ," ಅಂತ ಯಾರೋ ಹಿಂದಿಂದ ಅಂದ್ರು. ಗುರುಮಲ್ಲ ಬಂದು ಕುಕ್ಕರುಗಾಲಲ್ಲಿ ಕೂತ. "ನಾನ್ಯಾರು?" ಮತ್ತೆ ತುಟಿ ಆಡ್ತು, ಉದ್ದಕ್ಕೆ, ಉಸಿರು ತಗೊಂಡು ತಗೊಂಡು. ಸದ್ದಿಲ್ಲ. ನಲ್ಲಿ ಹತ್ರದ ಹೆಂಗಸ್ರೂ ಒಬ್ರ ಹಿಂದೊಬ್ರು ಬಂದು ಕೇಳಿದ್ರು. ಎಲ್ರಿಗೂ ತುಟಿ ಆಡ್ಸ್ತು. ಚಿಕ್ತಾಯಿ ಕೈ ಅಡ್ಡ ಇಟ್ಕೊಳ್ಳೋದು ಮರೆತು, ಮಗು ಮಂಡಿ ಹಿಡ್ಕೊಂಡು, "ನಾನ್ಯಾರು ಕಂದ? ನಾನ್ಯಾರು?" ಅಂದ್ಲು. ತುಟಿ ಆಡ್ತು. ಕೊನೆಗೆ ನಾನು ಹೋದೆ. ಸೆರಗಲ್ಲಿ ಹುರಿಗಡಲೆ ತೋರಿಸ್ದೆ. "ನಾನ್ಯಾರೇ, ಹೇಳೇ." ನನ್ನ ನೋಡಿ ಅದರ ಕಣ್ಣು ಅರಳ್ತು ಕಣವ್ವ, ಸತ್ಯವಾಗ್ಲೂ, ಇದ್ರಲ್ಲಿ ಅರ್ಧ ಸುಳ್ಳು ಇಲ್ಲ. ತುಟಿ ಆಡ್ತು. ಸದ್ದಿಲ್ಲ.

ನಮ್ಮೂರಲ್ಲಿ ತುಟಿ ಆಡಿ ಸದ್ದು ಬರದೆ ಇದ್ರೆ ಅದಕ್ಕಿರೋದು ಒಂದೇ ಅರ್ಥ. ಆದ್ರೆ ಕೆಂಪು ಲಂಗದ ಮಗು, ನಿನ್ನೆ ಮೊನ್ನೆ ತನಕ ಕಲ್ಲಿನಂಗೆ ಕಿವುಡು, ಅದರ ಬಾಯಲ್ಲಿ ಕಹಿ ಇರುತ್ತೆ ಅಂತ ಯಾರು ಅನ್ಕೊಳ್ತಾರೆ? ತುಟಿ ಓದೋಣ ಅಂದ್ರೆ ಓದೋಕೂ ಆಗ್ಲಿಲ್ಲ. ಮುಚ್ಚಿದ ಬಾಯಿಂದ ಕಲಿತ ಮಾತು ಅದು, ನಮ್ಮ ತರ ತುಟಿ ತಿರುಗಿಸ್ತಿರ್ಲಿಲ್ಲ. ಗುರುಮಲ್ಲ ಎದ್ದ. "ನೋಡಿದ್ರಲ್ಲ ಎಲ್ರೂ," ಅಂದ. ಬಗ್ಗಿ ಮಗು ತಲೆಯಿಂದ ಆ ಬಿಲ್ಲೇನ ಕಿತ್ತ, ಕಿವಿಯಿಂದ ಮಿಷನ್ ತೆಗೆದು ಟವಲಲ್ಲಿ ಗಂಟು ಹಾಕ್ದ. ಮಗು ಎರಡೂ ಕೈಯಲ್ಲಿ ತಲೆ ಹಿಡ್ಕೊಂಡು ಅತ್ತಿತ್ತ ನೋಡ್ತು, ದೀಪ ಆರಿಸಿದ ಮನೇಲಿ ನೋಡ್ತಾರಲ್ಲ, ಹಂಗೆ. ಚಿಕ್ತಾಯಿ ಕಾಲು ಹಿಡಿದ್ಲು. "ಬಟ್ಟೆ ಕಟ್ಕೊ," ಅಂದ. ಆ ಮಾತೂ ತಕ್ಷಣ ಕೇಳ್ಸ್ತು, ಅದ್ರಲ್ಲಿ ಕಹಿಯೂ ಇರ್ಲಿಲ್ಲ, ಏನೂ ಇರ್ಲಿಲ್ಲ.

ಜನ ಏಳ್ತಾ, ಸಮಾಧಾನ ಹೇಳ್ತಾ, ಒಬ್ರ ಮುಖ ಒಬ್ರು ನೋಡ್ತಾ ಹೊತ್ತು ಇಳೀತು. ಪುಟ್ಮಾದಮ್ಮ ಒಳಗೆ ಹೋಗಿ ದೀಪ ಹಚ್ಚಿದ್ಲು. ಆಗ ಬಂತು.

ಮಗು ದನಿ. ಯಾವತ್ತೂ ಕೇಳದ ದನಿ, ಆದ್ರೂ ಅವಳದೇ ಅಂತ ಎಲ್ರಿಗೂ ಗೊತ್ತಾಯ್ತು. ಏರಿಲ್ಲ, ಇಳಿವಿಲ್ಲ, ಕಾಳು ಎಣಿಸಿದಂಗೆ ಬಿಡಿಬಿಡಿ. ಸ, ಶ ಇದ್ದ ಕಡೆ ಬರೀ ಗಾಳಿ. ಉಳಿದದ್ದೆಲ್ಲ ಸ್ಪಷ್ಟ, ಪ ಪನೇ, ಬ ಬನೇ. ಮೊದ್ಲು ಪುಟ್ಮಾದಮ್ಮಂಗೆ ಹೇಳಿದ ಉತ್ತರ. "ಹುಟ್ಟಿದ ದಿವ್ಸವೇ ಇದನ್ನ ಗೂಡಿಗೆ ಹಾಕ್ಬೇಕಿತ್ತು. ಒಂದು ಹಿಡಿ ಸುಣ್ಣ ಆದ್ರೂ ಆಗ್ತಿತ್ತು." ಪುಟ್ಮಾದಮ್ಮನ ಎರಡನೇ ಬತ್ತಿ ಕೈಯಲ್ಲೇ ಉಳೀತು. ಆಮೇಲೆ ಅಪ್ಪನಿಗೆ ಹೇಳಿದ್ದು. "ಮಗಳು ಕಿವುಡು, ಅವ್ವ ಕಲ್ಲು. ಇವೆರಡೂ ಒಟ್ಗೆ ಸತ್ರೆ ಅವತ್ತೇ ಹಸೆ ಮೇಲೆ ಕೂರ್ತೀನಿ. ಯಾವಾಗ ಸಾಯ್ತವೋ." ಗುರುಮಲ್ಲ ಮಾತಾಡೋ ಧಾಟಿ ಹಂಗೇ, ಯಾವ ಮಾತಿಗೂ ಕೊನೇಲಿ ಒಂದು 'ಯಾವಾಗ' ಸೇರಿಸ್ತಾನೆ. ಸಂಜೆ ಸಂಜೆ ಟವಲ್ ಬೀಸಿ ಹೆಂಡ್ತಿ ಕಿವಿಯಿಂದ ಕೊಡವಿದ್ನಲ್ಲ, ಅದೆಲ್ಲ ಈಗ ಬಂದು ಅವಳ ಕಿವಿಗೆ ಬಿತ್ತು, ಮಗಳ ಬಾಯಿಂದ. ನಲ್ಲಿ ಹೆಂಗಸ್ರದ್ದೂ ಒಂದೊಂದಾಗಿ ಬಂತು, ಯಾರು ಯಾರ ಗಂಡನಿಗೆ ಏನಂದಿದ್ರು, ಯಾರು ಯಾರ ಬಸಿರಿಗೆ ಏನು ಶಾಪ ಹಾಕಿದ್ರು, ಎಲ್ಲಾ. ಗಂಡಸ್ರು ಹೆಂಡ್ರ ಮುಖ ನೋಡಿದ್ರು.

ನಾನ್ಯಾರು ಅಂತ ಕೇಳಿದ್ರಲ್ಲ. ಆ ಮಗು ಎಲ್ರಿಗೂ ಸರಿಯಾಗೇ ಉತ್ತರ ಹೇಳಿತ್ತು. ಯಾರು ತನ್ನ ಹತ್ರ ಬಂದು ಏನಂತಾರೋ ಅದೇ ಅವರ ಹೆಸ್ರು ಅಂತ ಕಲ್ತಿತ್ತು. ಹತ್ರ ಹೋಗಿ, ಸದ್ದಿಲ್ಲದಾಗ, ಬಿಡಿಬಿಡಿಯಾಗಿ, ದಿನಾ ಅದದೇ ಮಾತು ಹೇಳಿ ಅಂತ ಟೀಚರಮ್ಮ ಅಂದಿತ್ತಲ್ಲ. ಚಿಕ್ತಾಯಿ ಹೇಳಿದ 'ನೀರು' ಅನ್ನೋದನ್ನ ತಿದಿ ನುಂಗ್ತು. ಸದ್ದಿಲ್ಲದ ಕಹಿ ಮಾತನ್ನ ತಿದಿ ನುಂಗೋಕಾಗ್ಲಿಲ್ಲ, ಬೈಯೋರು ಮಾತ್ರ ಒಂದಕ್ಷರ ತಪ್ಪದಂಗೆ ಟೀಚರಮ್ಮ ಹೇಳಿದ್ದಂಗೇ ಪಾಠ ಮಾಡಿದ್ರು.

ಆಮೇಲೆ ಚಿಕ್ತಾಯಿ ಸರದಿ. "ನೀನು ಹುಟ್ಟದೆ ಇದ್ದಿದ್ರೆ ನಾನು ಯಾವತ್ತೋ ಈ ಮನೆ ಬಿಟ್ಟು ಓಡಿ ಹೋಗಿ ಬದುಕ್ಕೊಳ್ತಿದ್ದೆ. ನನ್ನ ಕೊರಳಿಗೆ ಕಟ್ಟಿದ ಗುಂಡುಕಲ್ಲು ನೀನು." ಅದೇ ಚಪ್ಪಟೆ ದನಿ, ಅದೇ ಎಣಿಕೆ. ತಲೆ ಬಾಚೋವಾಗ ಆಡ್ಸಿದ ತುಟಿ. ಚಿಕ್ತಾಯಿ ನೆಲದ ಮೇಲೆ ಕೂತಿದ್ದೋಳು ಮಗು ಹತ್ರ ಸರಿದ್ಲು. ಅಳ್ಲಿಲ್ಲ. ಕೈ ಸೆರಗು ಹುಡುಕ್ತು, ಮಗು ಕಿವಿ ಹತ್ರ ಹೋಗಿ ಕೊಡವ್ತು, ಪಟ್, ಪಟ್, ಪಟ್. ಬಂದುಬಿಟ್ಟ ಮಾತನ್ನ ಕೊಡವಿ ಏನುಪಯೋಗ? ಮಗು ಏನೋ ಆಟ ಅಂತ ನಕ್ತು. ಮಿಷನ್ ಇರ್ಲಿಲ್ಲವಲ್ಲ, ತಾನು ಆಡಿದ್ದು ಏನು ಮಾಡ್ತಿದೆ ಅಂತ ಅದಕ್ಕೆ ಗೊತ್ತಿಲ್ಲ.

ಕೊನೆಗೆ ನಂದೂ ಬಂತು. ಸಾಲಲ್ಲಿ ಎಲ್ರ ಹಿಂದೆ. "ಬಂದ್ಯಾ ಹಾಳಾದೋಳೆ, ನಿನ್ನ ಹುಲಿ ಹೊತ್ಕೊಂಡೋಗ." ನಾನಂದಾಗ ಅಂದಾಗ್ಲೇ ಕೇಳ್ಸ್ತಿದ್ದ ಮಾತು ಕಣವ್ವ ಅದು, ಇಡೀ ಬೀದಿ ನಗ್ತಿದ್ದ ಮಾತು. ಅವಳ ಬಾಯಲ್ಲಿ ಮಿಕ್ಕಿದ್ದರ ಜೊತೇಲಿ ದೀಪದ ಹೊತ್ತಿಗೆ ಬಂತು. ನನ್ನ ಮುದ್ದು ಎಲ್ಲಿ ಉದುರಿತೋ. ಆ ತಂತಿಯೊಳಗೆ ಹೋಗೋ ದಾರೀಲಿ ಎಲ್ಲೋ.

ಆಮೇಲೆ ಏನಾಯ್ತು ಗೊತ್ತಾ? ಎಲ್ರಿಗೂ ಒಟ್ಗೆ ಮಗು ಮೇಲೆ ಕರುಣೆ ಹುಟ್ಟಿಬಿಡ್ತು. "ಪಾಪ, ಎಳೇ ತಲೆ, ಅದಕ್ಯಾಕೆ ಇಷ್ಟು ಭಾರ," ಅಂದ್ರು ಒಬ್ರು. "ಮಿಷನ್ ಬಿಚ್ಚೇ ಇಡಿ, ಮಗು ನೆಮ್ಮದಿಯಾಗಿರ್ಲಿ," ಅಂದ್ರು ಇನ್ನೊಬ್ರು. "ಬಂಗಾರದಂಥ ಮಗು, ಸುಮ್ನಿದ್ರೇನೇ ಲಕ್ಷಣ," ಅಂದ್ರು ನಲ್ಲಿ ಹೆಂಗಸ್ರು. ಎಲ್ಲಾ ಸಿಹಿ ಮಾತು. ಅದಕ್ಕೇ ಅಂದಾಗ್ಲೇ ಕೇಳ್ಸಿದ್ವು. ಗುರುಮಲ್ಲನೂ ಮೆತ್ತಗಾದ. "ಮಾತು ಬಂತಲ್ಲ, ಶಾಸ್ತ್ರ ಆಯ್ತು. ನೀನು ಎಲ್ಲಿಗೂ ಹೋಗೋದು ಬೇಡ ಚಿಕ್ತಾಯಿ. ಇರು. ಮಿಷನ್ ಮಾತ್ರ ನನ್ನ ಹತ್ರ ಇರ್ಲಿ," ಅಂದ. ಮಾತು ಬರಲ್ಲ ಅಂತ ಬಿಚ್ಚಿದ ಮಿಷನ್ನು, ಮಾತು ಬಂತು ಅಂತ ಕೊಡಲ್ಲ ಅಂದ.

ಚಿಕ್ತಾಯಿ ಎದ್ದು ಅವನ ಕೈಯಿಂದ ಟವಲ್ ಗಂಟು ತಗೊಂಡ್ಲು. ಅವನು ತಡೀಲಿಲ್ಲ, ಬೀದಿ ನೋಡ್ತಿತ್ತು. ಅವನ ಮುಖಕ್ಕೆ ಮುಖ ಇಟ್ಟು ತುಟಿ ಆಡ್ಸಿದ್ಲು, ಬಹಳ ಹೊತ್ತು, ಆ ಮನೇಲಿ ಕಾಲಿಟ್ಟಾಗಿಂದ ಒಳಗೆ ಹಿಡ್ಕೊಂಡಿದ್ದನ್ನೆಲ್ಲ ಆಡ್ತಿರೋ ಹಂಗೆ. ನಿನ್ನೆ ದೀಪ ಆಗ್ಲೇ ಹಚ್ಚಿ ಆಗಿತ್ತಲ್ಲ, ಹಾಗಾಗಿ ಅವೆಲ್ಲ ಇವತ್ತು ಬರ್ಬೇಕು. ಅದಕ್ಕೇ ಗುರುಮಲ್ಲ ಬಾಗಿಲು ಹಾಕ್ಕೊಂಡು ಕೂತವ್ನೆ ಮಧ್ಯಾಹ್ನದಿಂದ. ಬಾಗಿಲು ಹಾಕಿದ್ರೆ ಬರಲ್ಲ ಅಂತ ಅವನ ನಂಬಿಕೆ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಅವ್ವ ಮಗಳು ಹೊರಟ್ರು. ಮಗೂಗೆ ಮಿಷನ್ ಹಾಕಿದ್ಲು. ಬೆಳಗ್ಗಿಂದ ಚಿಕ್ತಾಯಿದು ಒಂದೇ ಕೆಲ್ಸ, ಮಗು ಕಿವಿ ಹತ್ರ ಸೆರಗು ಕೊಡವೋದು. ಕೊಡವಿದಾಗೆಲ್ಲ ಆ ಬಿಲ್ಲೆ ಕಿತ್ತು ಬೀಳೋದು, ಮಗು ಜಗತ್ತು ಆರೋದು, ಇವಳು ಮತ್ತೆ ಅಂಟಿಸೋಳು, ಮತ್ತೆ ಕೊಡವೋಳು. ಸೆರಗು ಹತ್ರ ಬಂದ್ರೆ ಸಾಕು ಮಗು ತಲೆ ತಗ್ಗಿಸಿಕೊಳ್ಳೋಕೆ ಶುರು ಮಾಡಿತ್ತು. "ಸಾಕು ಬಿಡೇ," ಅಂದೆ. "ಒಂದಾದ್ರೂ ಉದುರುತ್ತಾ ಅಜ್ಜಿ?" ಅಂದ್ಲು. ನಾನು ಹೂಂ ಅಂದೆ. ಸುಳ್ಳು ಹೇಳೋದ್ರಲ್ಲಿ ನಂಗೆ ಈ ಊರಲ್ಲಿ ಸಮ ಇಲ್ಲ.

ಅವಳು ಬಸ್ಸಿಗೆ ಕೈ ಅಡ್ಡ ಹಾಕೋಕೆ ಹೋದಾಗ ಮಗು ಇಲ್ಲೇ, ನೀನೀಗ ಕೂತಿದ್ದೀಯಲ್ಲ, ಅಲ್ಲಿ ನಿಂತಿತ್ತು. ಈಗ್ಲಾದ್ರೂ ಒಂದು ಒಳ್ಳೆ ಮಾತು ಆಡೋಣ ಅಂತ ನಾನು ಬಗ್ಗಿ, "ಬಂಗಾರ, ಚಿನ್ನ, ನನ್ನ ಕಣ್ಣೇ," ಅಂದೆ. ಮಗು ಯಾರು ಮಾತಾಡಿದ್ದು ಅಂತ ಹಿಂದೆ ತಿರುಗಿ ನೋಡ್ತು ಕಣವ್ವ. ಆ ಮಾತಿನೋಳು ನಾನಲ್ಲ ಅದಕ್ಕೆ. ಇನ್ನೇನು ಮಾಡ್ಲಿ, ಸೆರಗಿಂದ ಹುರಿಗಡಲೆ ತೆಗೆದೆ. "ಬಂದ್ಯಾ ಹಾಳಾದೋಳೆ," ಅಂದೆ. ಆಗ ಗುರುತು ಹಿಡೀತು. ಕಡಲೆ ಇಸ್ಕೊಂತು. ನನ್ನ ಮುಖ ಹತ್ರಕ್ಕೆ ಎಳ್ಕೊಂಡು, ಟೀಚರಮ್ಮ ಮಾಡ್ತಿತ್ತಲ್ಲ ಹಂಗೆ ತನ್ನ ಪುಟ್ಟ ಕೈಯನ್ನ ಬಾಯಿಗೆ ಅಡ್ಡ ಇಟ್ಕೊಂತು. ಕೈ ಹಿಂದೆ ತುಟಿ ಆಡ್ತು, ಉಸಿರು ನನ್ನ ಕೆನ್ನೆಗೆ ತಾಗ್ತು. ಸದ್ದು ಬರ್ಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಅಂದೋರೇ ಕೊಡವ್ಬೇಕು, ಆ ಮಗು ಊರು ಬಿಟ್ಟು ಹೋಯ್ತು. ನನ್ನ ಕಿವಿ ಕೊಡವೋರು ಈ ಬೀದೀಲಿ ಇನ್ಯಾರೂ ಇಲ್ಲ. ಬರೋದು ಬಂದೇ ಬರುತ್ತೆ, ಯಜಮಾನನ ಉಪ್ಪಿನ ಮಾತು ಬರ್ಲಿಲ್ವಾ, ಹಂಗೆ. ಹೊತ್ತು ಆ ಗೂಡಿನ ತುದಿಗೆ ಇಳೀತು, ನೋಡು, ಬತ್ತಿ ಹೊಸೆದು ಇಟ್ಟಿದ್ದೀನಿ, ಕಡ್ಡಿ ಗೀರೋಕೆ ಕೈ ಬರ್ತಿಲ್ಲ. ಎಲೆ ಹೊಲಿಯೋದು ಆಮೇಲೆ ಮಾಡು. ಇನ್ಮೇಲೆ ನೀನೂ ಈ ಬೀದಿಯೋಳೇ, ಈ ಊಹೆ ಮಾಡೋ ಆಟ ಕಲೀಬೇಕು. ಹೇಳು ಮತ್ತೆ, ಆ ಕೈ ಹಿಂದೆ ನಂಗೆ ಏನಂದಿರ್ಬೋದು ಅವಳು?